ಅವ್ವನ ಎಡಗಾಲ ಚಪ್ಪಲಿ

ಅವ್ವನ ಹವಾಯಿ ಚಪ್ಪಲಿಯಲ್ಲಿ ಎಡಗಾಲಿಂದು ಕಾಣೆಯಾಗಿ ಮೂರು ದಿನವಾಗಿತ್ತು. ಆಪಾದನೆ ಓಣಿಯ ನಾಯಿಯ ಮೇಲೆ ಬಂತು. ಅದರ ಪೂರ್ವಚರಿತ್ರೆ ಅಷ್ಟೇನೂ ಚೊಕ್ಕಟವಿರಲಿಲ್ಲವಾದ್ದರಿಂದ ಯಾರೂ ಸಾಕ್ಷಿ ಕೇಳಲಿಲ್ಲ. ನಾನೂ ಒಂದೆರಡು ಸಲ ಅದಕ್ಕೆ ಕಲ್ಲು ಎತ್ತಿದ್ದುಂಟು. ಚಪ್ಪಲಿ ಮಾತ್ರ ನಾಲ್ಕು ತುಂಡಾಗಿ ನನ್ನ ಯೆಜ್ಡಿ ಬೈಕಿನ ಪೆಟ್ರೋಲ್ ಟ್ಯಾಂಕಿನ ಕೆಳಗೆ, ಹಳೇ ರಬ್ಬರಿನ ಜಾಗದಲ್ಲಿ ತಣ್ಣಗೆ ಕೂತಿತ್ತು.

ಈ ಗಾಡಿ ಅಪ್ಪ 1984ರಲ್ಲಿ ಕೊಂಡದ್ದು. ಇದನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ತವರುಮನೆ ಮುಚ್ಚಿದ ಮೇಲೂ ಸೊಸೆ ನಮ್ಮ ಮನೆಯಲ್ಲಿ ಗಟ್ಟಿಯಾಗಿಯೇ ಇದ್ದಾಳೆ. ಕಬ್ಬಿಣಕ್ಕೆ ಏನೂ ಆಗಿಲ್ಲ, ವಯಸ್ಸಾದದ್ದು ರಬ್ಬರಿಗೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಬಿಜಾಪುರದ ಪಕ್ಕದ ನಮ್ಮ ತೊರವಿಯಲ್ಲಿ ದನಗಳು ಸೇರುತ್ತವೆ. ಅಲ್ಲಿ ಬಂದವರು ಎತ್ತಿನ ಬಾಯಿ ಅಗಲಿಸಿ ಹಲ್ಲು ನೋಡುತ್ತಾರೆ, ಕೊಂಬಿಗೆ ಹಚ್ಚಿದ ಬಣ್ಣ ನೋಡಿ ಮೋಸ ಹೋಗುವುದಿಲ್ಲ. ಹಳೇ ಗಾಡಿಗೂ ಅದೇ ಲೆಕ್ಕ. ಪೇಂಟು ಯಾರು ಬೇಕಾದರೂ ಹೊಡೆಸಬಹುದು, ಫುಟ್‌ರೆಸ್ಟಿನ ರಬ್ಬರ್ ಒತ್ತಿ ನೋಡಿದರೆ ನಿಜ ಗೊತ್ತಾಗುತ್ತದೆ. ನಮ್ಮದರ ರಬ್ಬರು ತಿಕೋಟಾದ ಶೆಡ್ಡಿನಲ್ಲಿ ಒಣಹಾಕಿದ ಮಣೂಕದಂತಾಗಿತ್ತು. ವ್ಯತ್ಯಾಸವಿಷ್ಟೇ, ದ್ರಾಕ್ಷಿ ಒಣಗಿ ಮಣೂಕವಾದರೆ ಬೆಲೆ ಏರುತ್ತದೆ.

2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಬಂದಾಗ ನಾನು ಕುಣಿದದ್ದು ನಿಜ. ಇನ್ನು ರಬ್ಬರಿಗೆ ಬರ ಇಲ್ಲ ಅಂದುಕೊಂಡೆ. ಹೋಗಿ ನೋಡಿದರೆ ಹೆಸರೊಂದೇ ಹಳೇದು, ಉಳಿದದ್ದೆಲ್ಲ ಬೇರೆ. ಮೊಮ್ಮಗನ ಚಡ್ಡಿ ಅಜ್ಜನಿಗೆ ಬಂದೀತೆ?

ಹೀಗಾಗಿ ರಬ್ಬರಿನ ಬೇಟೆಗೆ ಇಳಿದೆ. ಸೋವಿಯಲ್ಲಿ ಆಗಬೇಕು ಎಂಬುದು ಮೊದಲ ಷರತ್ತು. ಮಾಸ್ತರಿಕೆಯ ಪಗಾರದಲ್ಲಿ ಗಾಡಿ ಸಾಕುವವನಿಗೆ ಎರಡನೇ ಷರತ್ತು ಹಾಕುವ ಧೈರ್ಯ ಇರುವುದಿಲ್ಲ.

ಶುರು ಮಾಡಿದ್ದು ಔಷಧೋಪಚಾರದಿಂದ. ಗಟ್ಟಿಯಾದ ರಬ್ಬರನ್ನು ವಿಂಟರ್‌ಗ್ರೀನ್ ಎಣ್ಣೆ ಮೆತ್ತಗೆ ಮಾಡುತ್ತದೆ ಎಂದು ಓದಿದ್ದೆ. ಅದರ ಮುಖ್ಯ ದ್ರವ್ಯವೇ ಅವ್ವನ ಮೊಣಕಾಲು ಎಣ್ಣೆಯ ಬಾಟಲಿಯ ಮೇಲೂ ಅಚ್ಚಾಗಿತ್ತು. ಅದು ಎಷ್ಟು ಪಾಲು ಎಂಬುದನ್ನು ನಾನು ಓದಲಿಲ್ಲ. ಓದುವ ಕೆಲಸ ಹುಡುಗರದ್ದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಗೇರ್ ರಬ್ಬರಿಗೆ, ಫುಟ್‌ರೆಸ್ಟಿಗೆ ತಿಕ್ಕಿ ತಿಕ್ಕಿ ಹಚ್ಚಿದೆ. ಬೆಳಿಗ್ಗೆ ರಬ್ಬರು ಇದ್ದಂತೆಯೇ ಇತ್ತು, ಗಾಡಿ ಮಾತ್ರ ವಾತದ ರೋಗಿಯಂತೆ ನಾರುತ್ತಿತ್ತು. ಇನ್ನೊಂದು ದಿನ ಹ್ಯಾಂಡಲಿನ ಗ್ರಿಪ್ಪಿಗೆ ಕುಸುಬಿ ಎಣ್ಣೆ ಹಚ್ಚಿದೆ. ರಬ್ಬರು ಎಣ್ಣೆ ಕುಡಿದು ಉಬ್ಬಿ, ಹ್ಯಾಂಡಲ್ ಬಿಟ್ಟು ತಾನೊಂದೇ ಗರಗರ ತಿರುಗತೊಡಗಿತು. ಆಕ್ಸಿಲೇಟರ್ ಕೊಟ್ಟೆ ಅಂತ ನಾನು ತಿಳಿಯುತ್ತಿದ್ದೆ, ಕೊಡಲಿಲ್ಲ ಅಂತ ಗಾಡಿ ತಿಳಿಯುತ್ತಿತ್ತು.

ಅಥಣಿ ರೋಡಿನ ಗ್ಯಾರೇಜಿನ ಚಾಚಾ ಇದನ್ನು ಕೇಳಿ ಪಾನಾ ಕೆಳಗಿಟ್ಟರು.

"ಮಾಸ್ತರ, ಇದು ಗಾಡಿ ಐತೋ, ಬದನಿಕಾಯಿ ಐತೋ? ಯಾಕ ಒಗ್ಗರಣಿ ಹಾಕಾಕತ್ತೀರಿ?"

ಚಾಚಾ ಕಲಿಸಿದ್ದು ಬಹಳ. ಗ್ರಿಪ್ ಏರಿಸಲು ಸಾಬೂನು ನೀರು ಸಾಕು, ಎಣ್ಣೆ ಬೇಡ. ಹೊಸ ರಬ್ಬರು ಕೂಡದೆ ಹಟ ಮಾಡಿದರೆ ಐದು ನಿಮಿಷ ಬಿಸಿನೀರಲ್ಲಿ ಹಾಕಬೇಕು. ಹಿಂದಿನ ಗಾಲಿಯ ಹಬ್ ರಬ್ಬರು ಸವೆದು ಗೇರ್ ಹಾಕಿದಾಗೊಮ್ಮೆ 'ಟಣ್' ಅನ್ನುತ್ತಿತ್ತು. ಅದರ ಸಂದಿಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ತುರುಕಿದರು. ಟಣ್ ನಿಂತಿತು, ಖರ್ಚು ಸೊನ್ನೆ. ನಮ್ಮ ಕಡೆ ಟ್ಯೂಬಿಗೆ ಮರಣವಿಲ್ಲ. ಗಾಲಿಯಿಂದ ಇಳಿದ ಮೇಲೆ ಸಾಮಾನು ಬಿಗಿಯುವ ಪಟ್ಟಿಯಾಗುತ್ತದೆ, ಆಮೇಲೆ ಬೋರಿನ ಪೈಪಿಗೆ ಸುತ್ತುವ ಬ್ಯಾಂಡೇಜು, ಕೊನೆಗೆ ನನ್ನ ಗಾಡಿಯ ಹಬ್ಬಿಗೆ ಬರುತ್ತದೆ.

ವೈರು ಹಾಯುವ ತೂತಿನ ರಬ್ಬರ್ ಉಂಗುರ ಪೇಟೆಯ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಸಿಕ್ಕಿದ್ದು ದ್ರಾಕ್ಷಿ ತೋಟದಲ್ಲಿ. ತಿಕೋಟಾದ ಗೆಳೆಯ ಡ್ರಿಪ್ ಪೈಪು ಜೋಡಿಸುತ್ತಿದ್ದಾಗ ಗ್ರೋಮೆಟ್ ಅಂತ ಒಂದು ಕರಿ ಗುಂಡಿ ಕಂಡೆ. ನಡುವೆ ತೋಡು, ಎರಡೂ ಕಡೆ ತುಟಿ, ತಗಡಿನ ತೂತಿಗೆ ಹೇಳಿ ಮಾಡಿಸಿದಂತಿತ್ತು. ಬೆಲೆ ಬಿಡಿಗಾಸು. ಗೆಳೆಯ ಅದನ್ನೂ ಇಸಿದುಕೊಳ್ಳಲಿಲ್ಲ, ಒಂದು ಹಿಡಿ ದ್ರಾಕ್ಷಿ ಕೂಡ ಕೊಟ್ಟ. ಇಂಥ ಬಿಡಿಭಾಗದಂಗಡಿ ಯಾವ ಊರಲ್ಲಿದ್ದೀತು?

ಯೆಜ್ಡಿಯ ಇನ್ನೊಂದು ಗುಣ ಜಿಪುಣರಿಗೆ ಬಹಳ ಹಿಡಿಸುವಂಥದು. ಕಿಕ್ಕೂ ಗೇರೂ ಒಂದೇ ಕೋಲು. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್, ಮತ್ತೆ ಮುಂದಕ್ಕೆ ಮಲಗಿಸಿದರೆ ಗೇರ್. ಬೇರೆ ಗಾಡಿಯವರು ಎರಡು ರಬ್ಬರ್ ಕೊಳ್ಳುವಲ್ಲಿ ನನಗೆ ಒಂದರಲ್ಲೇ ಮುಗಿಯುತ್ತದೆ. ಒಂದೇ ರಬ್ಬರು ಎರಡು ಪಾಳಿ ದುಡಿದು ಬೇಗ ಹರಿಯುತ್ತದೆ ಎಂದು ಚಾಚಾ ತಕರಾರು ತೆಗೆದರು. ನಾನು ಆ ಲೆಕ್ಕಕ್ಕೆ ಹೋಗಲಿಲ್ಲ.

ಸೋವಿತನ ಎಡವಿದ್ದು ಕ್ರ್ಯಾಂಕಿನ ಆಯಿಲ್ ಸೀಲಿನಲ್ಲಿ. ಗಾಡಿ ಹೊರಟರೆ ಹಿಂದೆ ಬಿಳಿ ಹೊಗೆ. ಹೆಣ್ಣುಮಕ್ಕಳ ವಿಶ್ವವಿದ್ಯಾಲಯದ ಗೇಟಿನ ಮುಂದೆ ಹಾದರೆ ಹುಡುಗಿಯರು ದುಪಟ್ಟಾ ಮೂಗಿಗೆ ಹಿಡಿಯುತ್ತಿದ್ದರು. ನಾನು ರಸ್ತೆಬದಿ ಸಿಕ್ಕ ಅಗ್ಗದ ಸೀಲೊಂದನ್ನು ಒಯ್ದೆ. ಚಾಚಾ ಅದನ್ನು ಬೆರಳಲ್ಲಿ ಹಿಚುಕಿ ನನಗೇ ತಿರುಗಿ ಕೊಟ್ಟರು. ಟೂ-ಸ್ಟ್ರೋಕ್ ಎಂಜಿನ್ನು ಪೆಟ್ರೋಲಿನ ಆವಿಯನ್ನು ಮೊದಲು ಕ್ರ್ಯಾಂಕಿನ ಮನೆಗೆ ಎಳೆದುಕೊಂಡು, ಆಮೇಲೆ ಮೇಲಕ್ಕೆ ನೂಕುತ್ತದೆ. ಆ ಮನೆಗೆ ಗಾಳಿ ಸೋರಬಾರದು. ಕ್ಲಚ್ ಕಡೆಯ ಸೀಲು ಹೋದರೆ ಎಂಜಿನ್ನು ಗೇರ್ ಆಯಿಲನ್ನೇ ಹೀರಿ ಸುಡುತ್ತದೆ, ಹೊಗೆ ಅದರದೇ.

"ಟ್ಯಾಂಕಿನ ಕೆಳಗ ಏನರೆ ಇಡ್ರಿ, ಗಾದಿನ ಹಾಸ್ರಿ. ಸೀಲ್, ಪೆಟ್ರೋಲ್ ಪೈಪ್, ಟಾಯರ್ ಇದರಾಗ ಮಾತ್ರ ನಿಮ್ಮ ಶ್ಯಾಣ್ಯಾತನ ಬ್ಯಾಡ್ರಿ."

ಹಾಗಂತ ದಂಡ ಹಾಕಲಿಲ್ಲ. ಹಳೇ ಸೀಲಿನ ಮೈ ಒರೆಸಿ ತೋರಿಸಿದರು. ಮೂರು ಅಂಕಿಗಳಿದ್ದವು: ಒಳಸುತ್ತು, ಹೊರಸುತ್ತು, ದಪ್ಪ. ಅವನ್ನು ಚೀಟಿಯಲ್ಲಿ ಬರೆದುಕೊಂಡು ಬೇರಿಂಗ್ ಅಂಗಡಿಗೆ ಹೋಗಬೇಕು, ಗಾಡಿಯ ಹೆಸರು ಹೇಳಬಾರದು. 'ಯೆಜ್ಡಿ' ಅಂದರೆ ಅಂಗಡಿಯವನಿಗೆ ಪ್ರಾಚ್ಯವಸ್ತುವಿನ ವಾಸನೆ ಬಡಿಯುತ್ತದೆ, ಬೆಲೆ ಏರುತ್ತದೆ. ಅಂಕಿ ಹೇಳಿದರೆ ಪಂಪಿಗೋ ರಾಶಿ ಮಷೀನಿಗೋ ಅಂದುಕೊಂಡು ಕೊಡುತ್ತಾನೆ. ಎಣ್ಣೆ ತಡೆಯುವ ನೈಟ್ರೈಲ್ ರಬ್ಬರಿಂದೇ ಕೇಳು ಅಂತಲೂ ಹೇಳಿದ್ದರು. ಚಾಚಾ ಅದಕ್ಕೆ 'ನಾಟ್ರಲ್' ಅನ್ನುತ್ತಾರೆ. ನ್ಯಾಚುರಲ್ ರಬ್ಬರು ಎಣ್ಣೆಯಲ್ಲಿ ಉಬ್ಬುವಂಥದ್ದು, ಇವರ ನಾಟ್ರಲ್ ಉಬ್ಬದ್ದು. ನಾನು ಅಂಗಡಿಯಲ್ಲಿ ಎರಡನ್ನೂ ಕಲಸಿ ಏನೋ ಅಂದೆ, ಅವನು ಸರಿಯಾದದ್ದನ್ನೇ ಕೊಟ್ಟ.

ಪೆಟ್ರೋಲ್ ಪೈಪಿನ ಕಥೆಯೂ ಇಂಥದ್ದೇ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್ ಬೆರೆತಿರುತ್ತದೆ, ಹೆಚ್ಚಿನಂಶ ಕಬ್ಬು ಮತ್ತು ಧಾನ್ಯದ್ದು. ಹಳೇ ಕಾಲದ ರಬ್ಬರಿಗೆ ಆ ಕುಡಿತ ಅಭ್ಯಾಸವಿಲ್ಲ. ಪೈಪು ಬಿರಿದು ಸುರಂಗ ಬಾವಡಿಯ ಹತ್ತಿರವೇ ತೊಟ್ಟಿಕ್ಕತೊಡಗಿತು. ಆದಿಲಶಾಹಿಗಳು ನೆಲದೊಳಗೆ ಸುರಂಗ ಕೊರೆದು ಈ ತೊರವಿಯಿಂದ ಬಿಜಾಪುರದ ಪೇಟೆಗೆ ನೀರು ಒಯ್ದರು, ಒಂದು ವಾಶರ್ ಇಲ್ಲದೆ. ನನಗೆ ಟ್ಯಾಂಕಿನಿಂದ ಕಾರ್ಬುರೇಟರಿಗೆ ಒಂದು ಗೇಣು ಒಯ್ಯಲಾಗಲಿಲ್ಲ. ಆ ದಿನ ಮರುಮಾತಾಡದೆ ಎಥೆನಾಲ್ ತಡೆಯುವ ಪೈಪು ಕೊಂಡೆ.

ರಬ್ಬರು ಹೀಗೆ ಸೋಲುವುದಕ್ಕೆ ಕಾರಣ ಹುಡುಕಿದರೆ ಸಿಟ್ಟು ಇಳಿಯುತ್ತದೆ. ಮೊದಲಿನ ರಬ್ಬರು ಬಿಸಿಲಿಗೆ ಕರಗಿ ಅಂಟಾಗುತ್ತಿತ್ತು, ಚಳಿಗೆ ಕಲ್ಲಾಗುತ್ತಿತ್ತು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸುವ ಉಪಾಯ ಕಂಡುಕೊಂಡ ಮೇಲೆ ಅದು ಮನುಷ್ಯರ ಮಾತು ಕೇಳತೊಡಗಿತು. ಆದರೂ ಬಿಸಿಲು ಮತ್ತು ಗಾಳಿಯ ಓಜೋನ್ ಅದನ್ನು ಬಿರಿಸುತ್ತಲೇ ಇರುತ್ತವೆ. ಸುಳ್ಯದ ಮಳೆಗಾಡಿನಲ್ಲಿ ಹಾಲು ಸುರಿಸಿಕೊಂಡು ಹುಟ್ಟುವ ಜಾತಿ ಅದು. ಅದನ್ನು ತಂದು ಎಪ್ರಿಲ್ ತಿಂಗಳು ತೊರವಿಯ ಬಯಲಲ್ಲಿ ನಿಲ್ಲಿಸಿದರೆ ಯಾರ ಮುಖ ತಾನೆ ಬಿರಿಯದು?

ಇಷ್ಟಾದ ಮೇಲೆ ಗಾಡಿ ತೆಪ್ಪಗಾಯಿತು. ಅದರ ಎರಡು ಸೈಲೆನ್ಸರುಗಳ ದನಿ ಓಣಿಯ ಕೊನೆಯಿಂದಲೇ ಗುರುತು ಸಿಗುವಷ್ಟು ಚೊಕ್ಕಟವಾಯಿತು. ಶನಿವಾರ ಸಂಜೆ ಅವ್ವನನ್ನು ಕೂರಿಸಿಕೊಂಡು ನರಸಿಂಹ ದೇವರ ಗುಡಿಗೆ ಹೊರಟೆ. ಅವಳ ಕಾಲಲ್ಲಿ ಹೊಸ ಚಪ್ಪಲಿ, ಪ್ರಾಯಶ್ಚಿತ್ತವೆಂದು ನಾನೇ ತಂದದ್ದು. ಅವಳಿಗೆ ಪ್ರಾಯಶ್ಚಿತ್ತ ಗೊತ್ತಿತ್ತು, ಪಾಪ ಗೊತ್ತಿರಲಿಲ್ಲ.

ಗುಡಿಯ ಮುಂದೆ ಇಳಿದು ಸೆರಗು ಸರಿಮಾಡಿಕೊಳ್ಳುವಾಗ ಅವಳ ಕಣ್ಣು ಟ್ಯಾಂಕಿನ ಕೆಳಗೆ ಹೋಯಿತು. ಕರೀ ಗಾಡಿಯೊಳಗಿಂದ ತೆಳು ನೀಲಿ ಬಣ್ಣದ ಅಂಚೊಂದು ಇಣುಕುತ್ತಿತ್ತು, ಅದರ ಮೇಲೆ ಅವಳ ಹೆಬ್ಬೆರಳಿನ ತಗ್ಗು ಕೂಡ ಹಾಗೇ ಇತ್ತು. ಬಗ್ಗಿ ನೋಡಿದಳು. ನನ್ನನ್ನು ನೋಡಿದಳು. ಬೈಯಲಿಲ್ಲ.

"ಗಾಡಿ ಇಲ್ಲಿ ನಿಂದ್ರಸಬ್ಯಾಡಪ್ಪ," ಅಂದಳು. "ಅಲ್ಲಿ, ಚಪ್ಪಲ್ ಬಿಡೂ ಕಡೆ ಬಿಡು."