ಕಟ್ಟೆ ವೈದ್ಯ ಮಂಡಳಿ

(ಊರ ಅರಳಿಕಟ್ಟೆ. ಆಶಾ ಕಾರ್ಯಕರ್ತೆ ರಿಜಿಸ್ಟರು ಹಿಡಿದು ಬರುತ್ತಾರೆ.)

ಆಶಾ: ಗೌಡ್ರೇ, 30 ದಾಟಿದೋರಿಗೆಲ್ಲ ನಾಳೆ ಪಿಎಚ್‌ಸೀಲಿ ಬಿಪಿ, ಶುಗರ್ ನೋಡ್ತಾರೆ. ಪುಕ್ಕಟೆ.

ಗೌಡ್ರು: ಪುಕ್ಕಟೆ ಅಂದ್ಮೇಲೆ ಮಿಷನ್ನೂ ಹಂಗೇ ಇರ್ತದೆ ಬಿಡವ್ವ.

ಮೇಷ್ಟ್ರು: ನಾನು ಪೇಟೆ ಲ್ಯಾಬಿಗೇ ಹೋಗೋದು. ಎರಡು ದಿನ ಮುಂಚೆ ಅನ್ನ, ಸಿಹಿ ಬಂದ್. ರಿಪೋರ್ಟು ಅಪರಂಜಿ!

ಆಶಾ: ಎಚ್‌ಬಿಎ1ಸಿ ಮಾಡ್ಸಿ ಸಾರ್. ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಹೇಳ್ತದೆ. ಅದು 6.5 ಮುಟ್ಟಿದ್ರೆ ಡಯಾಬಿಟಿಸ್ ಅಂತ ಲೆಕ್ಕ.

ಮೇಷ್ಟ್ರು: ಯುಗಾದಿ ಹೋಳಿಗೇನ ಈಗ ಕೆದಕೋದು ಯಾವ ನ್ಯಾಯಮ್ಮ?

ಶೆಟ್ರು: ನಮ್ ಭಾವ ಹಾಗಲಕಾಯಿ ರಸ ಶುರು ಮಾಡಿ ಮಾತ್ರೆ ಬಿಟ್ಟೇಬಿಟ್ರು.

ಆಶಾ: ಈಗ ಹೆಂಗವ್ರೆ?

ಶೆಟ್ರು: ಗಾಯ ವಾಸಿಯಾಗ್ದೆ ಕಾಲ್ಬೆರಳು ತೆಗೆದ್ರು. ಆದ್ರೆ ಹಾಗಲಕಾಯಿಂದ ಒಂದಿಷ್ಟೂ ತೊಂದ್ರೆ ಆಗ್ಲಿಲ್ಲ ನೋಡಿ.

ಗೌಡ್ರು: ಅಲ್ಲವ್ವ, ಮೊನ್ನೆ ಭೇದಿ ಅಂತ ಹೋದ್ರೆ ನಿಮ್ ಡಾಕ್ಟ್ರು ಓಆರ್‌ಎಸ್ ಪೊಟ್ಟಣ ಕೊಟ್ಟು, ಒಂದು ಲೀಟರ್ ನೀರಿಗೆ ಬೆರೆಸ್ಕೊಂಡು ಕುಡೀರಿ ಅಂದ್ರು. ಗ್ಲುಕೋಸ್ ಬಾಟ್ಲಿ ನೇತುಹಾಕ್ದಿದ್ರೆ ಅದೆಂಥ ಆಸ್ಪತ್ರೆ?

ಆಶಾ: ವಾಸಿ ಆಯ್ತಾ?

ಗೌಡ್ರು: ಆಯ್ತು. ಸಮಾಧಾನ ಆಗ್ಲಿಲ್ಲ.

ಆಶಾ: ಸರಿ, ನಾಳೆ ಹತ್ತು ಗಂಟೆಗೆ ಬರ್ತೀರಾ?

ಗೌಡ್ರು: ನಾಳೆ ಎಲ್ಲಾಗ್ತದೆ? ತಾಲ್ಲೂಕು ಕಚೇರಿ ಮುಂದೆ ಧರಣಿ. ಊರಿಗೆ ನೂರು ಹಾಸಿಗೆ ಆಸ್ಪತ್ರೆ ಬೇಕೇ ಬೇಕು!

ಆಶಾ: ಇರೋದಕ್ಕೇ ಬರಲ್ವಲ್ಲ ನೀವು?

ಗೌಡ್ರು: ಇಷ್ಟು ಸಣ್ಣದಕ್ಕೆ ಹೋಗ್ದಿದ್ರೆ ಯಾರು ಕೇಳ್ತಾರವ್ವ? ಹೋಗ್ದೇ ಇರೋಕೂ ಊರಿನ ಮರ್ಯಾದೆಗೆ ತಕ್ಕಂಥ ಆಸ್ಪತ್ರೆ ಬೇಡ್ವಾ?