ಸೈತಾನೋಚ್ಛಿಷ್ಟ ನಿರ್ಣಯ ಅರ್ಥಾತ್ ಬ್ಲ್ಯಾಕ್‌ಬೆರಿ ಪಾಕಮೀಮಾಂಸೆ

ಇಂಗ್ಲೆಂಡಿನ ಬೇಲಿಸಾಲಿನಲ್ಲಿ ತಾನಾಗಿ ಹಬ್ಬುವ ಬ್ಲ್ಯಾಕ್‌ಬೆರಿಯನ್ನು ಸೆಪ್ಟೆಂಬರ್ 29ರ ನಂತರ ಕೀಳಬಹುದೇ, ಕಿತ್ತರೆ ಕ್ರಂಬಲ್ ಎಂಬ ಓವನ್ನಿನ ಸಿಹಿ ಮಾಡಬಹುದೇ, ಮಾಡಿದರೆ ತಿನ್ನಬಹುದೇ ಎಂಬುದು ಈ ಗ್ರಂಥದ ವಿಚಾರ. ಮುಳ್ಳು ಗೀರಿದ ಕೈ ಮತ್ತು ನೇರಳೆ ನಾಲಿಗೆ ಉಳ್ಳವರೇ ಇದಕ್ಕೆ ಅಧಿಕಾರಿಗಳು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೊಂಡು ತಿಂದವರು ಜಗಲಿಯಲ್ಲಿ ಕೂತು ಕೇಳಬಹುದು.

ವಿಷಯ ಹೀಗಿದೆ. ಸೆಪ್ಟೆಂಬರ್ 29 ಸಂತ ಮೈಕೇಲನ ಹಬ್ಬ. ಮೈಕೇಲ ಲೂಸಿಫರನನ್ನು, ಅಂದರೆ ಸೈತಾನನನ್ನು, ಸ್ವರ್ಗದಿಂದ ದಬ್ಬಿದಾಗ ಅವನು ಬಿದ್ದದ್ದು ನೆಟ್ಟಗೆ ಬ್ಲ್ಯಾಕ್‌ಬೆರಿ ಪೊದೆಯ ಮೇಲೆ. ಮೈಯೆಲ್ಲ ಮುಳ್ಳು ನಟ್ಟ ಸಿಟ್ಟಿಗೆ ಹಣ್ಣಿನ ಮೇಲೆ ಉಗಿದ. ವರ್ಷಾವರ್ಷ ಅದೇ ದಿನ ಬಂದು ಮತ್ತೆ ಉಗಿಯುತ್ತಾನೆಂದು ಹಳ್ಳಿಗರ ನಂಬಿಕೆ. ಪಾಠಾಂತರಗಳುಂಟು. ತುಳಿದ ಎಂದು ಕೆಲವರು, ಉಚ್ಚೆ ಹೊಯ್ದ ಎಂದು ಇನ್ನು ಕೆಲವರು. ಕೊನೆಯದು ಪ್ರಕ್ಷಿಪ್ತ, ಏಕೆಂದರೆ ಅದು ನಾಯಿಯ ಕೆಲಸ. ಅನುಭವಸ್ಥರು ಮೊಣಕಾಲಿಗಿಂತ ಕೆಳಗಿನ ಹಣ್ಣಿಗೆ ಕೈ ಹಾಕದಿರುವುದೇ ಇದಕ್ಕೆ ಪ್ರಮಾಣ. ಬ್ರಿಟನ್ನಿನ ಈ ಪೊದೆಗಳಲ್ಲಿ 300ಕ್ಕೂ ಹೆಚ್ಚು ಸೂಕ್ಷ್ಮ ಪ್ರಭೇದಗಳನ್ನು ಎಣಿಸಿರುವ ಸಸ್ಯವಿಜ್ಞಾನಿಗಳು ಸೈತಾನ ಯಾವುದರ ಮೇಲೆ ಬಿದ್ದನೆಂದು ಹೇಳುವ ಗೋಜಿಗೆ ಹೋಗಿಲ್ಲ.

ಈಗ ಸಂಶಯ. 1752ರಲ್ಲಿ ಬ್ರಿಟನ್ ಜೂಲಿಯನ್ ಪಂಚಾಂಗ ಬಿಟ್ಟು ಗ್ರೆಗೋರಿಯನ್ ಹಿಡಿಯಿತು. ಸೆಪ್ಟೆಂಬರ್ 2ರ ರಾತ್ರಿ ಮಲಗಿದವರು ಎದ್ದದ್ದು 14ಕ್ಕೆ. ಪಾರ್ಲಿಮೆಂಟಿನ ಈ ಕಾಯ್ದೆ ಸೈತಾನನಿಗೆ ಅನ್ವಯಿಸುತ್ತದೆಯೇ? ಹೌದೆನ್ನುವವರು 29ಕ್ಕೇ ಬುಟ್ಟಿ ಬೋರಲು ಹಾಕುತ್ತಾರೆ. ಹಳೇ ಪಂಚಾಂಗದವರು ಹನ್ನೊಂದು ದಿನ ಕೂಡಿಸಿ ಅಕ್ಟೋಬರ್ 10ರವರೆಗೆ ಕೀಳುತ್ತಾರೆ. ಸ್ಮಾರ್ತರ ಏಕಾದಶಿ ಒಂದು ದಿನ, ಭಾಗವತರದು ಮರುದಿನ ಬರುವುದನ್ನು ಕಂಡ ನಮಗೆ ಇದೇನೂ ಹೊಸದಲ್ಲ. ಆದರೆ ಹಳೇ ಪಂಚಾಂಗದವರು ಗಣಿತದಲ್ಲಿ ಕಚ್ಚಾ. 1800 ಮತ್ತು 1900 ಜೂಲಿಯನ್ ಲೆಕ್ಕದಲ್ಲಿ ಅಧಿಕ ವರ್ಷ, ಗ್ರೆಗೋರಿಯನ್ನಿನಲ್ಲಿ ಅಲ್ಲ. ಹಾಗಾಗಿ ಅಂತರ ಈಗ 13 ದಿನ. ಸಂಪ್ರದಾಯನಿಷ್ಠ ಸೈತಾನ ಉಗಿಯಬೇಕಾದದ್ದು ಅಕ್ಟೋಬರ್ 12ಕ್ಕೆ. ನಡುವಿನ ಎರಡು ದಿನದ ಹಣ್ಣು ಸುಮ್ಮನೆ ಹಕ್ಕಿಪಾಲಾಗುತ್ತಿದೆ.

ನಾಸ್ತಿಕರ ಪೂರ್ವಪಕ್ಷ: ಉಗುಳೂ ಇಲ್ಲ ಗಿಗುಳೂ ಇಲ್ಲ. ಅಕ್ಟೋಬರಿನ ಮಳೆಗೆ, ಥಂಡಿಗೆ ಹಣ್ಣು ನೀರು ಕುಡಿದು ಸಪ್ಪಗಾಗುತ್ತದೆ, ಬೂದು ಬೂಷ್ಟು ಹಿಡಿಯುತ್ತದೆ, ಅಷ್ಟೇ. ಉತ್ತರ: ನೀರು, ಅಂಟು, ಬೂದು ನವಿರು ಇಷ್ಟನ್ನೂ ಒಪ್ಪಿದ ಮೇಲೆ ಉಗುಳನ್ನು ಒಪ್ಪಲು ಅಡ್ಡಿಯೇನು?

ತಿಥಿ ಯಾವುದಾದರೂ ಸರಿ, ಮಿರುಗುವ ಕಪ್ಪನ್ನು ನಂಬಬಾರದು, ಅದು ಹುಳಿ. ಹೊಳಪು ಮಾಸಿ, ಬೆರಳು ತಾಗಿದರೆ ಸಾಕು ಅಂಗೈಗೆ ಬೀಳುವುದೇ ಹಣ್ಣು. ಕಿತ್ತ ಮೇಲೆ ಮಾಗುವ ಜಾತಿ ಇದಲ್ಲ. ಮನೆಗೆ ತಂದು ಸ್ವಲ್ಪ ಹೊತ್ತು ಉಪ್ಪುನೀರಿನಲ್ಲಿ ಬಿಟ್ಟರೆ, ಮಣಿಮಣಿಗಳ ಸಂದಿಯಿಂದ ದಾರದೆಳೆಯಷ್ಟು ಬಿಳಿ ಹುಳುಗಳು ಮೈಮುರಿಯುತ್ತ ಹೊರಬರುವುದುಂಟು. ಅವನ್ನು ಅತಿಥಿಗಳಿಗೆ ತೋರಿಸುವುದು ಶಾಸ್ತ್ರವಿರುದ್ಧ.

ಸಿದ್ಧಾಂತ: ಉಗುಳಿಗೆ ಪ್ರಾಯಶ್ಚಿತ್ತವಿದೆ, ಅದು ಬ್ರಾಮ್ಲಿ ಸೇಬು. ಕಡೆಗಾಲದ ಹಣ್ಣಿನಲ್ಲಿ ರಸ ಗಟ್ಟಿಯಾಗಿಸುವ ಪೆಕ್ಟಿನ್ ಕಡಿಮೆ, ಈ ಹುಳಿ ಸೇಬಿನಲ್ಲಿ ಧಾರಾಳ. 1809ರಲ್ಲಿ ನಾಟಿಂಗ್‌ಹ್ಯಾಮ್‌ಶೈರಿನ ಸೌತ್‌ವೆಲ್‌ನಲ್ಲಿ ಇದರ ಬೀಜ ನೆಟ್ಟವಳು ಮೇರಿ ಆ್ಯನ್ ಬ್ರೇಲ್ಸ್‌ಫರ್ಡ್. ಹೆಸರು ಮಾತ್ರ ಮುಂದೆ ಆ ಮನೆ ಕೊಂಡ ಕಸಾಯಿ ಬ್ರಾಮ್ಲಿಯದು. ಕ್ರಂಬಲ್ಲಿಗೆ ಎರಡೂ ಹಣ್ಣು ಸಮಸಮ, ಮೇಲೊಂದು ಚಮಚ ಕಾರ್ನ್‌ಫ್ಲೋರ್. 200 ಗ್ರಾಂ ಮೈದಾಗೆ ತಲಾ 100 ಗ್ರಾಂ ತಣ್ಣನೆ ಬೆಣ್ಣೆ, ಸಕ್ಕರೆ. ಬೆರಳ ತುದಿಯಲ್ಲೇ ಉಜ್ಜಿ ದಪ್ಪ ರವೆಯ ಹಾಗೆ ಮಾಡಿ ಹಣ್ಣಿನ ಮೇಲೆ ಉದುರಿಸುವುದು, ಒತ್ತಬಾರದು. 180 ಡಿಗ್ರಿಯಲ್ಲಿ ಸುಮಾರು 40 ನಿಮಿಷ, ಅಂಚಿನಲ್ಲಿ ನೇರಳೆ ರಸ ಗುಳುಗುಳು ಉಕ್ಕುವವರೆಗೆ. ನರಕವಾಸಿಯ ಉಗುಳಿಗೆ 180 ಡಿಗ್ರಿ ಯಾವ ಲೆಕ್ಕ ಎಂಬ ಆಕ್ಷೇಪ ನಿಲ್ಲುವುದಿಲ್ಲ. ಮೊದಲ ಸಲ ಉಗಿದಾಗ ಅವನಿನ್ನೂ ನರಕ ಕಂಡಿರಲಿಲ್ಲ, ನೇರ ಸ್ವರ್ಗದಿಂದ ಬರುತ್ತಿದ್ದ.

ಉಳಿದದ್ದು ಫ್ರೀಜರ್ ಪ್ರಕರಣ. ಹಬ್ಬಕ್ಕೆ ಮುಂಚೆ ಕಿತ್ತು, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಗಟ್ಟಿಮಾಡಿ ಚೀಲಕ್ಕೆ ತುಂಬಿಟ್ಟ ಹಣ್ಣನ್ನು ಕ್ರಿಸ್‌ಮಸ್ಸಿಗೆ ಬೇಯಿಸಿದರೆ ದೋಷವೇ? ಕಿತ್ತ ದಿನವೇ ಪ್ರಮಾಣ, ಆದ್ದರಿಂದ ದೋಷವಿಲ್ಲ. ಕರಗಲು ಬಿಡದೆ ನೇರ ಸೇಬಿನ ಜೊತೆ ಹಾಕಿ ಇನ್ನು ಹತ್ತು ನಿಮಿಷ ಹೆಚ್ಚು ಬೇಯಿಸತಕ್ಕದ್ದು. ಕರಗಿಸಿ ಬಟ್ಟಲ ತುಂಬ ನೀರು ಮಾಡಿಕೊಂಡವರು ಸೈತಾನನನ್ನು ದೂರುವಂತಿಲ್ಲ.