ಹೆಡ್‌ಲೈಟ್ ಮೀಮಾಂಸೆ

ಅಮೆರಿಕದಲ್ಲಿ ಹಳೆಯ ಜರ್ಮನ್ ಕಾರುಗಳನ್ನು ಸಾಕಿಕೊಂಡವರ ನಡುವೆ ಒಂದು ಸಂಸ್ಕಾರ ಬಹುಕಾಲದಿಂದ ರೂಢಿಯಲ್ಲಿದೆ. ಕಾರಿನ ಮೂಲ ಹೆಡ್‌ಲೈಟುಗಳನ್ನು ಕಿತ್ತು ಪಕ್ಕಕ್ಕಿಟ್ಟು, ಅದೇ ಕಾರು ಯೂರೋಪಿನಲ್ಲಿ ಮಾರಾಟವಾಗುವಾಗ ಧರಿಸಿದ್ದ ಹೆಡ್‌ಲೈಟುಗಳನ್ನು ತರಿಸಿ ಕೂಡಿಸುವುದೇ ಆ ಸಂಸ್ಕಾರ. ಏಕೆ ಎಂದು ಕೇಳಿದರೆ, ರಾತ್ರಿ ರಸ್ತೆ ಚೆನ್ನಾಗಿ ಕಾಣಲಿ ಎಂದು ಉತ್ತರ ಬರುತ್ತದೆ. ಲೋಕ ಇದನ್ನು ಇಷ್ಟು ದಿನ ನಂಬಿಕೊಂಡು ಬಂದಿದೆ. ಲೋಕಕ್ಕೆ ಬೇರೆ ಕೆಲಸವಿತ್ತು. ಪ್ರಸ್ತುತ ಪ್ರಬಂಧವು ಈ ಉತ್ತರವನ್ನು ಪೂರ್ವಪಕ್ಷದ ಸಾಲಿಗೆ ಸೇರಿಸುತ್ತದೆ. ನಮ್ಮ ಪ್ರತಿಜ್ಞೆ ಇಷ್ಟೇ: ಯೂರೋಪಿನ ದೀಪ ಹಾಕಿಕೊಳ್ಳುವವನು ಅರಸುತ್ತಿರುವುದು ಒಂದು ಗೆರೆಯನ್ನು. ಬೆಳಕು ಆ ಗೆರೆಗೆ ಉಪಾದಾನ ಕಾರಣ, ಕಾರು ನಿಮಿತ್ತ ಕಾರಣ, ರಸ್ತೆ ಕೇವಲ ನೆಪ. ಇದನ್ನು ಪ್ರಮಾಣಪೂರ್ವಕವಾಗಿ ಸಾಧಿಸಿ, ಆಕ್ಷೇಪಗಳಿಗೆ ಸಮಾಧಾನ ಹೇಳುವುದು ಮುಂದಿನ ಪುಟಗಳ ಕೆಲಸ.

ಮೊದಲು ಅಮೆರಿಕದ ಮತವನ್ನು ನೋಡೋಣ. 1940ರ ಮಾದರಿಯ ಕಾರುಗಳೊಂದಿಗೆ ಅಲ್ಲಿ ಸೀಲ್ಡ್ ಬೀಮ್ ಎಂಬ ದೀಪ ಪ್ರತಿಷ್ಠೆಯಾಯಿತು. ಏಳು ಇಂಚು ವ್ಯಾಸದ ದುಂಡು ಬುಂಡೆ. ಮುಂದಿನ ಲೆನ್ಸು, ಹಿಂದಿನ ರಿಫ್ಲೆಕ್ಟರು, ಒಳಗಿನ ಫಿಲಮೆಂಟು ಮೂರೂ ಬೆಸೆದುಕೊಂಡು ಒಂದೇ ವಸ್ತು. ಬಲ್ಬು ಬೇರೆ, ದೀಪ ಬೇರೆ ಎಂದುಕೊಳ್ಳುವುದು ಅವಿದ್ಯೆ. ಫಿಲಮೆಂಟು ಸುಟ್ಟಿತೆಂದರೆ ಇಡೀ ಬುಂಡೆಯೇ ವಿಸರ್ಜನೆಗೆ ಯೋಗ್ಯ. ಈ ಅದ್ವೈತಕ್ಕೆ ಅದರದೇ ಗುಣಗಳಿದ್ದವು. ಒಳಗೆ ಧೂಳು, ತೇವ ಸೇರುವಂತಿಲ್ಲ, ರಿಫ್ಲೆಕ್ಟರು ಮಾಸುವಂತಿಲ್ಲ, ಕ್ಯಾಡಿಲಾಕ್ ಇರಲಿ ಶೆವರ್ಲೆ ಇರಲಿ, ಯಾವ ಊರಿನ ಪೆಟ್ರೋಲ್ ಬಂಕಿನಲ್ಲೂ ಅದೇ ಬುಂಡೆ ಸಿಗುತ್ತಿತ್ತು. ತೊಂದರೆ ಬಂದದ್ದು ಕಾನೂನಿನಿಂದ. ಕಾನೂನು ಬೆಳಕು ಹೇಗಿರಬೇಕೆಂದಷ್ಟೇ ಹೇಳಿ ಸುಮ್ಮನಾಗದೆ ಬುಂಡೆ ಹೇಗಿರಬೇಕೆಂದೂ ವಿಧಿಸಿತು. 1958ರ ಹೊತ್ತಿಗೆ ಚಿಕ್ಕ ಬುಂಡೆ ನಾಲ್ಕು ಇಟ್ಟುಕೊಳ್ಳಬಹುದೆಂದಾಯಿತು. ಎಪ್ಪತ್ತರ ದಶಕದ ನಡುವಿನಲ್ಲಿ ಬುಂಡೆ ಚೌಕವಾಗಿಯೂ ಇರಬಹುದೆಂದು ಕೃಪೆಯಾಯಿತು. ಬುಂಡೆಯಿಂದ ಬಲ್ಬನ್ನು ಬಿಡಿಸಲು ಮಾತ್ರ 1983ರವರೆಗೆ ಕಾಯಬೇಕಾಯಿತು. ಮರುವರ್ಷದ ಮಾದರಿಯಾದ ಲಿಂಕನ್ ಮಾರ್ಕ್ 7 ಬಂದಾಗಲೇ ಅಮೆರಿಕದ ಕಾರೊಂದು ನಾಲ್ಕು ದಶಕಗಳ ಬಳಿಕ ಬಲ್ಬು ಬದಲಿಸಬಲ್ಲ ಹೆಡ್‌ಲೈಟನ್ನು ಕಂಡದ್ದು.

ಯೂರೋಪಿನದು ಶುದ್ಧ ದ್ವೈತ. ಬಲ್ಬಿಗೂ ರಿಫ್ಲೆಕ್ಟರಿಗೂ ಭೇದ ನಿತ್ಯ, ಬಲ್ಬಿಗೂ ಬಲ್ಬಿಗೂ ಭೇದ ಸತ್ಯ, ಒಂದೇ ಬಲ್ಬಿನೊಳಗಿನ ಎರಡು ಫಿಲಮೆಂಟುಗಳಿಗೂ ತಾರತಮ್ಯ ಉಂಟು. ಉಡುಪಿಯ ಪಂಡಿತರೂ ಇದರಲ್ಲಿ ದೋಷ ಹುಡುಕಲಾರರು. 1925ರ ಬೈಲಕ್ಸ್ ಬಲ್ಬಿನಲ್ಲಿ ಡಿಮ್ ಫಿಲಮೆಂಟಿನ ಕೆಳಗೆ ಲೋಹದ ಪುಟ್ಟ ತಟ್ಟೆಯೊಂದನ್ನು ಇಟ್ಟರು. ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೆಳಕು ಬೀಳದಂತೆ ಅದು ತಡೆಯುತ್ತದೆ; ಹಾಗಾಗಿ ಮೇಲಕ್ಕೆ ಹೋಗಬೇಕಿದ್ದ ಕಿರಣಗಳು ಹುಟ್ಟುವುದೇ ಇಲ್ಲ. 1971ರ ಎಚ್ 4 ಹ್ಯಾಲೊಜನ್ ಬಲ್ಬಿನಲ್ಲೂ ಅದೇ ತಟ್ಟೆ. ಡಿಮ್ ಮಾಡಿದಾಗ ರಿಫ್ಲೆಕ್ಟರಿನ ಅರ್ಧದಷ್ಟನ್ನು ನಿರುದ್ಯೋಗಿಯಾಗಿಸಿ ಪಡೆದ ಕತ್ತಲು ಅದು. (ನಮ್ಮ ಲಾರಿಗಳ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದದ್ದು ಇದೇ ತತ್ತ್ವದ ದೇಸಿ ಭಾಷ್ಯ, ಜರ್ಮನರು ಒಳಗೆ ಇಟ್ಟದ್ದನ್ನು ನಾವು ಹೊರಗೆ ಬಳಿದೆವು.) 1957ರಲ್ಲಿ ಈ ಕತ್ತಲಿಗೂ ಕೆಳಗಿನ ಬೆಳಕಿಗೂ ನಡುವಿನ ಗೆರೆಗೊಂದು ಮೊಣಕೈ ಬಂತು: ಎಡಕ್ಕೆ ಸಮತಲವಾಗಿ ಸಾಗಿ, ಮಧ್ಯದಿಂದ ಬಲಕ್ಕೆ 15 ಡಿಗ್ರಿ ಏರಿ, ರಸ್ತೆಯಂಚಿನ ಪಾದಚಾರಿಯನ್ನು ತೋರಿಸುತ್ತ ಎದುರಿನವನನ್ನು ಕತ್ತಲಲ್ಲಿ ಬಿಡುವ ವಕ್ರತೆ. ಯೂರೋಪಿನ ನಿಯಮಾವಳಿ ಈ ಎದುರಿನವನಿಗೆ ಬಿ 50 ಎಲ್ ಎಂಬ ಹೆಸರನ್ನೂ ಕೊಟ್ಟಿದೆ. ಐವತ್ತು ಮೀಟರು ದೂರದಲ್ಲಿ ಎಡಗಡೆಯಿಂದ ಸದಾ ಬರುತ್ತಲೇ ಇರುವ, ಎಂದೂ ಬಂದು ತಲುಪದ ಚಾಲಕ ಅವನು. 25 ಮೀಟರು ಆಚೆಯ ಪರದೆಯ ಮೇಲೆ ಅವನ ಕಣ್ಣಿಗೆಂದು ಗುರುತಿಸಿದ ಬಿಂದುವಿಗೆ ಹಳೆಯ ನಿಯಮದಂತೆ 0.4 ಲಕ್ಸ್‌ಗಿಂತ ಹೆಚ್ಚು ಬೆಳಕು ತಾಕಬಾರದು; ಹುಣ್ಣಿಮೆಯ ಬೆಳದಿಂಗಳಿಗಿಂತ ತುಸುವೇ ಹೆಚ್ಚು. ಅಮೆರಿಕದ ಮತವು ಅದೇ ಜಾಗಕ್ಕೆ ಹಲವು ಪಟ್ಟು ಬೆಳಕನ್ನು ಧಾರಾಳವಾಗಿ ಬಿಡುತ್ತಿತ್ತು.

ಈಗ ಪ್ರಮಾಣ ವಿಚಾರಕ್ಕೆ ಬರೋಣ. ನಮ್ಮ ಸಿದ್ಧಾಂತ ನಿಂತಿರುವುದು ಇಲ್ಲಿ. ಸೀಲ್ಡ್ ಬೀಮಿನ ಗಾಜಿನ ಮೇಲೆ ಮೂರು ಪುಟ್ಟ ಗುಬುಟುಗಳಿರುತ್ತಿದ್ದವು. ಮೆಕ್ಯಾನಿಕ್ ಅವುಗಳಿಗೆ ಒಂದು ಉಪಕರಣ ತಾಗಿಸಿ, ನಡು ಮಧ್ಯಾಹ್ನ, ದೀಪವನ್ನು ಉರಿಸದೆಯೇ ಅದರ ದಿಕ್ಕನ್ನು ಸರಿಪಡಿಸುತ್ತಿದ್ದ. ಗಾಜು ಸರಿಯಾಗಿ ಕೂತಿದ್ದರೆ ಬೆಳಕೂ ಸರಿಯಾಗಿ ಬೀಳಲೇಬೇಕು ಎಂಬ ಅನುಮಾನ ಪ್ರಮಾಣವೇ ಸಾಕು. ಬೆಳಕನ್ನು ನಿರ್ಣಯಿಸಲು ಬೆಳಕು ಬೇಕಿಲ್ಲ. ಯೂರೋಪಿನ ಗಾಜಿನ ಮೇಲೆ ಗುಬುಟುಗಳಿಲ್ಲ. ಅಲ್ಲಿ ಪ್ರತ್ಯಕ್ಷವೇ ಗತಿ. ಸಮತಟ್ಟಾದ ನೆಲ, ಮುಸ್ಸಂಜೆ, ಎದುರಿಗೊಂದು ಗೋಡೆ, ಗೋಡೆಗೆ ಅಂಟಿಸಿದ ಟೇಪು ಬೇಕು. ಹತ್ತು ಮೀಟರಿಗೆ ಗೆರೆ ಹತ್ತು ಸೆಂಟಿಮೀಟರ್ ಇಳಿಯಬೇಕೆಂದು ಲೆಕ್ಕ ಹಾಕಿ, ಸ್ಕ್ರೂ ತಿರುಗಿಸುತ್ತ ಕೂರಬೇಕು. ಗೆರೆಯ ಮೇಲೆ ಕಗ್ಗತ್ತಲು, ಕೆಳಗೆ ಬಿಳುಪು, ನಡುವೆ ಕೊರೆದಂತಹ ಅಂಚು. ಈ ದರ್ಶನವಾದ ಮೇಲೆ ಅನುಯಾಯಿ ಎದ್ದು ಹೋಗುವುದಿಲ್ಲ. ಮನೆಯವರನ್ನು ಕರೆಯುತ್ತಾನೆ, ನೆರೆಯವನನ್ನು ಕರೆಯುತ್ತಾನೆ. ಇಲ್ಲಿ ವಿದ್ವಾಂಸರು ಗಮನಿಸದೆ ಬಿಟ್ಟ ಸಂಗತಿಯೊಂದಿದೆ: ತೆರೆದ ರಸ್ತೆಯಲ್ಲಿ ಈ ಗೆರೆ ಕಾಣುವುದೇ ಇಲ್ಲ. ಮೂಡಲು ಅದಕ್ಕೆ ಒಂದು ಮೇಲ್ಮೈ ಬೇಕು. ಗೋಡೆ, ಮಂಜು, ಇಲ್ಲವೇ ಮುಂದೆ ಹೋಗುತ್ತಿರುವ ಲಾರಿಯ ಹಿಂಬಾಗಿಲು. ಈ ಪಂಥದವರು ಲಾರಿಯನ್ನು ಹಿಂದೆ ಹಾಕುವ ಅವಕಾಶವಿದ್ದರೂ ಅದರ ಬೆನ್ನಿಗೇ ಸಾಗುವುದೇಕೆಂಬುದು ಇದರಿಂದ ವಿಶದವಾಗುತ್ತದೆ. ಕಾರು ನಿಂತಾಗ ಪೂರ್ಣವಾಗಿ ಸಿಗುವ, ಓಡುವಾಗ ಮಾಯವಾಗುವ ಫಲಕ್ಕಾಗಿ ಯಾರೂ ರಸ್ತೆಯ ಕಾರಣ ಕೊಡಬಾರದು.

ಪೂರ್ವಪಕ್ಷಿ ಇಷ್ಟಕ್ಕೆ ಸುಮ್ಮನಾಗುವವನಲ್ಲ. ದೀಪ ಬದಲಿಸಿದ ಮೇಲೆ ನಿಜವಾಗಿಯೂ ಹೆಚ್ಚು ಕಾಣುತ್ತದೆ, ಅನುಭವಕ್ಕೆ ಬಾಧೆ ಯಾವುದು ಎಂದು ಕೇಳುತ್ತಾನೆ. ಕಾಣುತ್ತದೆ, ಒಪ್ಪಿದೆವು. ಹೈ ಬೀಮಿನ ಮಟ್ಟಿಗಂತೂ ಅವನ ಮಾತಿಗೆ ಬಲವಿದೆ: 1978ರವರೆಗೆ ಅಮೆರಿಕದ ನಿಯಮ ಇಡೀ ಕಾರಿಗೆ 75,000 ಕ್ಯಾಂಡೆಲಾ, ಆಮೇಲೆ 1,50,000 ಅನುಮತಿಸಿದರೆ, ಯೂರೋಪು 2,25,000ಕ್ಕೆ ಒಪ್ಪಿತ್ತು. ಆದರೆ ಡಿಮ್ಮಿನ ಪವಾಡವನ್ನು ಬಿಡಿಸಿ ನೋಡಬೇಕು. ಹಳೆಯ ಕಾರುಗಳಲ್ಲಿ ಹೆಡ್‌ಲೈಟಿನ ಕರೆಂಟು ಬ್ಯಾಟರಿಯಿಂದ ಹೊರಟು, ಡ್ಯಾಶ್‌ಬೋರ್ಡಿನ ಸ್ವಿಚ್ಚನ್ನು ಹೊಕ್ಕು, ಡಿಪ್ಪರಿನ ಸ್ವಿಚ್ಚನ್ನು ಸುತ್ತಿ, ಸಣಕಲು ವೈರಿನಲ್ಲಿ ಮುಂದಕ್ಕೆ ಬರುವಷ್ಟರಲ್ಲಿ ಬಳಲಿರುತ್ತದೆ. ಹ್ಯಾಲೊಜನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತಕ್ಕೆ ಅನುಗುಣ. ಎಂದರೆ ವೋಲ್ಟೇಜ್ ಶೇಕಡ 10ರಷ್ಟು ಸೋರಿದರೆ ಬೆಳಕು ಶೇಕಡ 30ರಷ್ಟು ಹೋಯಿತು. ಯೂರೋಪಿನ ದೀಪ ಕೂಡಿಸುವವನು ಅದರ ಜೊತೆಗೇ ರಿಲೇ ಹಾಕುತ್ತಾನೆ, ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆಯುತ್ತಾನೆ, ಹೊಸ ಬಲ್ಬು ತೊಡಿಸುತ್ತಾನೆ, ವರ್ಷಗಳಿಂದ ಓರೆಯಾಗಿದ್ದ ದಿಕ್ಕನ್ನು ನೆಟ್ಟಗೆ ಮಾಡುತ್ತಾನೆ. ಆಮೇಲೆ ಬಂದ ಬೆಳಕಿಗೆಲ್ಲ ದೀಪ ಮಾಡಿದ ಬಾಷ್‌ಗೋ ಹೆಲ್ಲಾಗೋ ನಮಸ್ಕಾರ ಸಲ್ಲುತ್ತದೆ. ಸಾರು ರುಚಿಯಾದದ್ದಕ್ಕೆ ಬೆಳ್ಳಿಯ ಬಟ್ಟಲನ್ನು ಹೊಗಳಿದ ಹಾಗೆ. ಅದೇ ರಿಲೇ, ಅದೇ ವೈರನ್ನು ಹಳೆಯ ಸೀಲ್ಡ್ ಬೀಮಿಗೆ ಕೊಟ್ಟು ನೋಡಬಹುದಲ್ಲ? ಕೆಲವೇ ಡಾಲರಿನ ಕೆಲಸ. ಬೆಳಕಿಗಾಗಿ ಹಂಬಲಿಸುವವನು ಮೊದಲು ಮಾಡಬೇಕಾದದ್ದೇ ಅದು. ಅವನು ಮಾಡುವುದಿಲ್ಲ, ಏಕೆಂದರೆ ವೈರಿನಿಂದ ಗೆರೆ ಹುಟ್ಟುವುದಿಲ್ಲ. ಇನ್ನು ಕೆಲವರು 60/55 ವ್ಯಾಟಿನ ಬಲ್ಬಿನ ಬದಲು 100/80ರದ್ದನ್ನು ತುರುಕಿ ಇದೇ ಯೂರೋಪಿನ ಬೆಳಕು ಎನ್ನುತ್ತಾರೆ. ಯೂರೋಪಿನ ರಸ್ತೆಗಳಲ್ಲಿ ಆ ಬಲ್ಬು ನಿಷಿದ್ಧ. ಮೂಲದಲ್ಲೇ ಇಲ್ಲದ ಆಚಾರವನ್ನು ಮತಾಂತರಗೊಂಡವರು ಕಟ್ಟುನಿಟ್ಟಾಗಿ ಪಾಲಿಸುವುದು ಮತಗಳ ಚರಿತ್ರೆಯಲ್ಲಿ ಅಪೂರ್ವವೇನಲ್ಲ.

ಎರಡನೆಯ ಆಕ್ಷೇಪ ಉದಾತ್ತವಾದದ್ದು: ಇದು ಪರೋಪಕಾರ, ಎದುರಿನವನ ಕಣ್ಣು ಕುಕ್ಕದಿರಲೆಂದು ಮಾಡಿದ್ದು. ಪರರ ಸುಖಕ್ಕಾಗಿ ತನ್ನ ಕಾರಿನ ಮೇಲೆ ಹಣ ಸುರಿದವನು ಮೋಟಾರು ಯುಗದಲ್ಲಿ ಇನ್ನೂ ಜನಿಸಬೇಕಿದೆ; ಆದರೂ ವಾದಕ್ಕೆ ಒಪ್ಪೋಣ. ಕೊರೆದಂತಹ ಗೆರೆಯ ಕಷ್ಟವೆಂದರೆ, ಡಿಕ್ಕಿಯಲ್ಲಿ ನಾಲ್ಕು ಸೂಟ್‌ಕೇಸ್ ಇಟ್ಟೊಡನೆ ಕಾರಿನ ಮೂತಿ ಎದ್ದು ಗೆರೆಯೂ ಏರುತ್ತದೆ. ಆಗ ಬಿ 50 ಎಲ್‌ನ ಕಣ್ಣಿಗೆ ಬೆಳದಿಂಗಳ ಬದಲು ಬಿಸಿಲು. ಇದಕ್ಕೆಂದೇ ಯೂರೋಪಿನ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ದೀಪ ತಗ್ಗಿಸುವ ಪುಟ್ಟ ಗಾಲಿಯೊಂದಿರುತ್ತದೆ. ಅಮೆರಿಕದ ಅನುಯಾಯಿ ದೀಪವನ್ನು ತರಿಸುತ್ತಾನೆ, ಗಾಲಿಯನ್ನು ಸಾಮಾನ್ಯವಾಗಿ ಮರೆಯುತ್ತಾನೆ. ಅತ್ತ ಹೆದ್ದಾರಿಯ ತಲೆಯ ಮೇಲೆ ತೂಗುವ ಹಸಿರು ಫಲಕಗಳು ತಮಗೆ ಬಿದ್ದ ಬೆಳಕನ್ನೇ ಹಿಂದಿರುಗಿಸಿ ಓದಿಸಿಕೊಳ್ಳುವಂಥವು. ಮೇಲಕ್ಕೆ ಬೆಳಕನ್ನೇ ಕೊಡದವನಿಗೆ ಅವು ಊರಿನ ಹೆಸರನ್ನು ಗಟ್ಟಿಯಾಗಿ ಹೇಳುವುದಿಲ್ಲ. ಮಿಶಿಗನ್ ವಿಶ್ವವಿದ್ಯಾಲಯದ ಸಾರಿಗೆ ಸಂಶೋಧನಾ ಸಂಸ್ಥೆಯಲ್ಲಿ ಎರಡೂ ಬೆಳಕುಗಳನ್ನು ತೂಗಿ ನೋಡಿದವರಿಗೆ ಕಂಡದ್ದೂ ಈ ಕೊಡುಕೊಳ್ಳುವಿಕೆಯೇ: ಕಣ್ಣಿಗೆ ಹಿತ ಯೂರೋಪಿನದು, ಫಲಕಕ್ಕೆ ಹಿತ ಅಮೆರಿಕದ್ದು. ಬಲಬದಿಯ ಸಂಚಾರಕ್ಕೆಂದು ಮಾಡಿದ ಗಾಜನ್ನು ಅಮೆರಿಕದ ಬಂಧುಗಳಿಂದ ಬೆಂಗಳೂರಿಗೆ ತರಿಸಿಕೊಳ್ಳುವವರಿಗೆ ಒಂದು ಮಾತು: ನಮ್ಮಲ್ಲಿ ಆ ಮೊಣಕೈ ಏರುವುದು ನೇರವಾಗಿ ಎದುರಿನವನ ಮುಖಕ್ಕೆ. ಎಡಬದಿಯ ಸಂಚಾರದ ಗಾಜಿನ ಮೇಲೆ ಅದನ್ನು ಗುರುತಿಸಲು ಬಾಣದ ಗುರುತೊಂದಿರುತ್ತದೆ. ಪರೋಪಕಾರಿಗಳು ಅದನ್ನು ಓದಿಕೊಳ್ಳಬೇಕು.

ಧರ್ಮಶಾಸ್ತ್ರದ ಭಾಗ ಚಿಕ್ಕದಾದರೂ ರಸವತ್ತಾಗಿದೆ. ಅಮೆರಿಕದ ದೀಪದ ಮೇಲಿನ, ಸಾರಿಗೆ ಇಲಾಖೆಯ ಹೆಸರಿನ ಡಿಒಟಿ ಮುದ್ರೆಯನ್ನು ತಯಾರಕನೇ ತನ್ನ ಸತ್ಯಸಂಧತೆಯ ಮೇಲೆ ಒತ್ತಿಕೊಳ್ಳುತ್ತಾನೆ. ಯೂರೋಪಿನ ದೀಪದ ವೃತ್ತದೊಳಗಿನ ಇ ಮುದ್ರೆಗೆ ಸರ್ಕಾರಿ ಅನುಮೋದನೆ ಬೇಕು, ಪಕ್ಕದ ಅಂಕಿ ಅನುಮೋದಿಸಿದ ದೇಶದ ಗೋತ್ರವನ್ನು ಸಾರುತ್ತದೆ: ಒಂದು ಜರ್ಮನಿ, ಎರಡು ಫ್ರಾನ್ಸ್, ಮೂರು ಇಟಲಿ. ಅಮೆರಿಕದ ಫೆಡರಲ್ ಕಾನೂನು ತಯಾರಕ, ಮಾರಾಟಗಾರ, ರಿಪೇರಿ ಅಂಗಡಿಯವರು ಕಾರಿನ ಸುರಕ್ಷಾ ಸಾಧನವನ್ನು ಕೆಡಿಸಬಾರದು ಎನ್ನುತ್ತದೆ. ಕಾರಿನ ಒಡೆಯನ ಹೆಸರನ್ನು ಆ ಪಟ್ಟಿಯಿಂದ ಬಿಟ್ಟು, ಅವನ ಪಾಪವನ್ನು ಆಯಾ ರಾಜ್ಯದ ವಿಚಾರಣೆಗೆ ಒಪ್ಪಿಸಿದೆ. ಹೀಗಾಗಿ ಪುರೋಹಿತರಿಲ್ಲದೆ ಯಜಮಾನನೇ ನಡೆಸಬೇಕಾದ ಏಕೈಕ ಸಂಸ್ಕಾರ ಇದಾಯಿತು. ಈ ಬಗೆಯ ಪದಾರ್ಥಗಳ ಡಬ್ಬಿಯ ಮೇಲೆ ರಸ್ತೆಯಿಂದ ಹೊರಗಿನ ಬಳಕೆಗೆ ಮಾತ್ರ ಎಂದು ಮುದ್ರಿಸುವ ಸಂಪ್ರದಾಯವೂ ಉಂಟು. ಎದುರಿನಿಂದ ಬರುವವನ ಕಣ್ಣು ಕಾಯಲೆಂದು 15 ಡಿಗ್ರಿಯ ಲೆಕ್ಕ ಹಾಕಿ ಕೆತ್ತಿದ ಗಾಜು, ಎದುರಿನಿಂದ ಯಾರೂ ಬಾರದ ಕಾಡಿನಲ್ಲಿ ಮಾತ್ರ ಶಾಸ್ತ್ರಸಮ್ಮತ. ನಮ್ಮ ಸಿದ್ಧಾಂತಕ್ಕೆ ಇದಕ್ಕಿಂತ ಬಲವಾದ ಆಪ್ತವಾಕ್ಯ ಸಿಗದು.

ಇದೆಲ್ಲ ಕಾರಿನ ಮುಖಲಕ್ಷಣಕ್ಕಾಗಿ ಎಂಬ ಮೂರನೆಯ ವಾದವೂ ಇದೆ. 1967ರಲ್ಲಿ ಸಿಟ್ರೊಯೆನ್ ಡಿಎಸ್‌ಗೆ ಸ್ಟೇರಿಂಗಿನೊಡನೆ ಹೊರಳುವ ಕಣ್ಣುಗಳು ಬಂದರೆ ಅಮೆರಿಕಕ್ಕೆ ಹೋದ ಡಿಎಸ್ ಅಲುಗದ ಬುಂಡೆ ತೊಟ್ಟುಕೊಂಡು ಹೋಯಿತು. ಜಾಗ್ವಾರ್ ಇ ಟೈಪಿನ ಗಾಜಿನ ಮುಸುಕು ಅದೇ ಹೊತ್ತಿಗೆ ಕಳಚಿತು. ಮರ್ಸಿಡಿಸ್‌ನ ಒಂದೇ ಗಾಜಿನ ಅಗಲ ಮುಖಕ್ಕೆ ನಾಲ್ಕು ದುಂಡು ಬುಂಡೆ ಬಂದವು. ಈ ಅವಮಾನ ನಿಜ. ಆದರೆ ದುಂಡು ಏಳಿಂಚಿನ ಬುಂಡೆಯ ಜಾಗಕ್ಕೆ ಅಷ್ಟೇ ದುಂಡಾದ ಯೂರೋಪಿನ ಸಿಬಿಯೆ ಗಾಜನ್ನು ಕೂಡಿಸುವವರೂ ಸಾವಿರಾರು. ಅಲ್ಲಿ ಮುಖ ಬದಲಾಗುವುದಿಲ್ಲ, ಗೆರೆ ಮಾತ್ರ ಬರುತ್ತದೆ. ವಾದ ಬಿತ್ತು.

ಉಳಿದ ಆಕ್ಷೇಪ ಒಂದೇ, ಅದು ಕಾಲದ್ದು. 1997ರಲ್ಲಿ ಅಮೆರಿಕದ ನಿಯಮವೇ ಗೋಡೆಯೆದುರು ನೋಡಿ ಹೊಂದಿಸುವ ದೀಪಗಳನ್ನು ಒಪ್ಪಿಕೊಂಡು ಅವಕ್ಕೂ ಒಂದು ಸಮತಲ ಗೆರೆಯನ್ನು ಕೊಟ್ಟಿತು. ಹಾಗಾದರೆ ಪಂಥ ಅಳಿಯಬೇಕಿತ್ತಲ್ಲ ಎನ್ನಬಹುದು. ಅಳಿಯಲಿಲ್ಲ, ಏಕೆಂದರೆ ಆ ನಿಯಮ ಗೆರೆಗೆ ಮೊಣಕೈ ಬೇಕೆನ್ನಲಿಲ್ಲ. ಮೊಣಕೈಯಿಲ್ಲದ ಗೆರೆ ನಿಷ್ಠರಿಗೆ ಮೈಲಿಗೆ. ಇತ್ತೀಚೆಗೆ ಯೂರೋಪು ಹೊಸ ದರ್ಶನ ಹೊರಡಿಸಿದೆ. 2013ರಲ್ಲಿ ಆಡಿ ಎ8ರಲ್ಲಿ ಬಂದ ಮ್ಯಾಟ್ರಿಕ್ಸ್ ಎಲ್‌ಇಡಿಯಲ್ಲಿ ಕ್ಯಾಮೆರಾ ಎದುರಿನ ಕಾರನ್ನು ಕಂಡು, ಹೈ ಬೀಮಿನ ನಡುವೆ ಅದರ ಸುತ್ತಲಷ್ಟೇ ಕತ್ತಲೆಯ ಕಿಂಡಿ ಕೊರೆದು, ಕಾರು ಸರಿದಂತೆ ಕಿಂಡಿಯನ್ನೂ ಸರಿಸುತ್ತದೆ. ಅಮೆರಿಕ 2022ರ ಫೆಬ್ರವರಿಯಲ್ಲಿ ಇದಕ್ಕೆ ಅನುಮತಿ ಕೊಟ್ಟಿತು, ಆದರೆ ತನ್ನದೇ ಬೇರೆ ಪರೀಕ್ಷೆಯಿಟ್ಟು. ಯೂರೋಪಿನಲ್ಲಿ ಪಾಸಾದ ದೀಪ ಅಲ್ಲಿ ಮತ್ತೆ ಪರೀಕ್ಷೆಗೆ ಕೂರಬೇಕು. ಇದರಿಂದ ಸಾಮರ್ಥ್ಯವಿದ್ದೂ ಸಾಫ್ಟ್‌ವೇರಿನಲ್ಲಿ ನಿದ್ದೆ ಹೋಗಿರುವ ದೀಪಗಳು ಅಮೆರಿಕದ ಕಾರುಗಳಲ್ಲಿ ಸೇರಿಕೊಂಡವು, ಸ್ಕ್ರೂಡ್ರೈವರ್ ಇದ್ದ ಕೈಗೆ ಲ್ಯಾಪ್‌ಟಾಪ್ ಬಂತು, ಸಂಸ್ಕಾರ ಕೋಡಿಂಗ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿದಿದೆ. ಆದರೆ ಈ ಕಿಂಡಿ ಗೋಡೆಯ ಮೇಲೆ ಮೂಡುವುದಿಲ್ಲ. ಗೋಡೆಯನ್ನು ಕ್ಯಾಮೆರಾ ಕಾರೆಂದು ಒಪ್ಪುವುದಿಲ್ಲ. ನೆರೆಯವನನ್ನು ಕರೆದು ತೋರಿಸಬೇಕಾದರೆ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು, ಕತ್ತಲೆಯ ರಸ್ತೆಗೆ ಹೋಗಿ, ಎದುರಿನಿಂದ ಯಾರಾದರೂ ಬರುವವರೆಗೆ ಕಾಯಬೇಕು. ಬಿ 50 ಎಲ್ ನಿಜವಾಗಿ ಬರಲೇಬೇಕಾದ ಪ್ರಸಂಗ ಈ ಪಂಥಕ್ಕೆ ಇದೇ ಮೊದಲು.